ಕಾಡುಪ್ರಾಣಿಗಳ ಚಿಕಿತ್ಸೆ ಕಲಿಯುವ ಮುನ್ನ ರೇಬೀಸ್ ಲಸಿಕೆ: ವಿದ್ಯಾರ್ಥಿಗಳು ಮತ್ತು ಮನೆಯವರು ತಿಳಿಯಬೇಕಾದದ್ದು

ಪಶುವೈದ್ಯಕೀಯ ಪದವಿ ಐದೂವರೆ ವರ್ಷದ ಓದು. ಅದರಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ಕಾಡುಪ್ರಾಣಿ ಮತ್ತು ಕಡಲಜೀವಿಗಳ ಚಿಕಿತ್ಸೆಯನ್ನು ಪುಸ್ತಕದಿಂದಷ್ಟೇ ಕಲಿಯಲಾಗದು. ಪ್ರಾಣಿಯನ್ನು ಮುಟ್ಟಿಯೇ ಕಲಿಯಬೇಕು. ಮುಟ್ಟಿದಾಗ ಕಚ್ಚುವ, ಪರಚುವ ಅಪಾಯವೂ ಇರುತ್ತದೆ.

ಅಪಾಯ ಎಲ್ಲಿದೆ?

ನಾಸಿಕ್ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿ ಹಾಕುತ್ತವೆ. ಛತ್ರಪತಿ ಸಂಭಾಜಿನಗರದ ಸಿದ್ಧಾರ್ಥ ಉದ್ಯಾನದ ಮೃಗಾಲಯದಲ್ಲಿ ಹುಲಿಗಳಿವೆ. ಚಿರತೆ, ಹುಲಿ, ನರಿ, ಮಂಗ ಎಲ್ಲವೂ ಸಸ್ತನಿಗಳು. ಯಾವ ಸಸ್ತನಿಗೂ ರೇಬೀಸ್ ತಗುಲಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವವರು ಅತಿ ವಿರಳ. ಆದರೆ ಸಕಾಲದ ಲಸಿಕೆಯಿಂದ ಇದನ್ನು ತಡೆಯಬಹುದು.

ಪಾಲ್ಘರ್ ಜಿಲ್ಲೆಯ ಡಹಾಣೂ ಕರಾವಳಿಯಲ್ಲಿ ಗಾಯಗೊಂಡ ಕಡಲಾಮೆಗಳಿಗೆ ಚಿಕಿತ್ಸೆ ನೀಡುತ್ತಾರೆ. ಆಮೆ ಸರೀಸೃಪ, ಅದರಿಂದ ರೇಬೀಸ್ ಬರುವುದಿಲ್ಲ. ಆಮೆ ಕಚ್ಚಿದರೆ ಗಾಯ ತೊಳೆದು ಟೆಟನಸ್ ಇಂಜೆಕ್ಷನ್ ಬಗ್ಗೆ ವೈದ್ಯರನ್ನು ಕೇಳಿ. ಆಮೆಗಳಿಂದ ಸಾಲ್ಮೊನೆಲ್ಲಾ ಸೋಂಕು ಬರಬಹುದು. ಆದ್ದರಿಂದ ಕೈಗವಸು ಧರಿಸಿ, ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆಯಿರಿ.

ಮೊದಲೇ ಹಾಕಿಸುವ ಲಸಿಕೆ

ಪಶುವೈದ್ಯ ವಿದ್ಯಾರ್ಥಿಗಳು ಪ್ರಾಣಿ ಮುಟ್ಟುವ ಮೊದಲೇ ಮೂರು ಡೋಸ್ ಪಡೆಯಬೇಕು: ಮೊದಲ ದಿನ (0), 7ನೇ ದಿನ, ನಂತರ 21 ಅಥವಾ 28ನೇ ದಿನ. ಇವು ತೋಳಿಗೆ ಕೊಡುವ ಇಂಜೆಕ್ಷನ್. ಹಿಂದಿನಂತೆ ಹೊಟ್ಟೆಗೆ ಚುಚ್ಚುವುದಿಲ್ಲ. ತರಬೇತಿಗೆ ಒಂದು ತಿಂಗಳ ಮುಂಚೆಯೇ ಶುರುಮಾಡಿ. ಲಸಿಕೆ ಕಾರ್ಡನ್ನು ಜೋಪಾನವಾಗಿಡಿ. ಸದಾ ಪ್ರಾಣಿಗಳೊಡನೆ ಇರುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಪ್ರತಿಕಾಯ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್‌ಗಿಂತ ಕಡಿಮೆಯಿದ್ದರೆ ಬೂಸ್ಟರ್ ಬೇಕು.

‘ಲಸಿಕೆ ಆಗಿದೆಯಲ್ಲ, ಇನ್ನೇನು ಭಯ?’

ಈ ಮಾತು ಅಪಾಯಕಾರಿ. ಲಸಿಕೆ ಪೂರ್ಣಗೊಂಡಿದ್ದರೂ ಕಚ್ಚಿಸಿಕೊಂಡಾಗ ಮತ್ತೆ ಎರಡು ಡೋಸ್ (0 ಮತ್ತು 3ನೇ ದಿನ) ಬೇಕೇ ಬೇಕು. ಇಮ್ಯುನೊಗ್ಲೋಬ್ಯುಲಿನ್ ಮಾತ್ರ ಬೇಕಿಲ್ಲ.

ಲಸಿಕೆ ಪಡೆಯದವರಿಗೆ ಕಾಡುಪ್ರಾಣಿ ಕಚ್ಚಿದರೆ

ಕಬ್ಬು ಕಡಿಯುವಾಗ ಸಿಕ್ಕ ಚಿರತೆ ಮರಿಯನ್ನು ಬರಿಗೈಯಲ್ಲಿ ಎತ್ತಿಕೊಳ್ಳುವುದುಂಟು. ಹಾಗೆ ಮಾಡಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಭಾರತದ ಮಾರ್ಗಸೂಚಿಯಂತೆ ಕಾಡುಪ್ರಾಣಿಯ ಕಡಿತವನ್ನು ಅತಿ ಗಂಭೀರವಾದ ಮೂರನೇ ವರ್ಗಕ್ಕೆ ಸೇರಿಸುತ್ತಾರೆ.

• ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ.
• ಅರಿಶಿನ, ಸುಣ್ಣ, ಖಾರದ ಪುಡಿ ಹಚ್ಚಬೇಡಿ.
• ಅಂದೇ ಆಸ್ಪತ್ರೆಗೆ ಹೋಗಿ. ಗಾಯದೊಳಗೆ ಇಮ್ಯುನೊಗ್ಲೋಬ್ಯುಲಿನ್ ಚುಚ್ಚುತ್ತಾರೆ. ಜೊತೆಗೆ ಲಸಿಕೆ ಆರಂಭಿಸುತ್ತಾರೆ.
• ಸ್ನಾಯುವಿಗೆ ಕೊಟ್ಟರೆ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಟ್ಟರೆ 0, 3, 7, 28ನೇ ದಿನ. ಗಾಯ ಒಣಗಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ.

ಅರಿವಳಿಕೆ ಸೂಜಿ ತಗುಲಿದರೆ

ಚಿರತೆ ಹಿಡಿಯಲು ಸಾಮಾನ್ಯವಾಗಿ ಝೈಲಾಜಿನ್ ಮತ್ತು ಕೆಟಮಿನ್ ಬಳಸುತ್ತಾರೆ. ಅಕಸ್ಮಾತ್ ಆ ಸೂಜಿ ಮನುಷ್ಯರಿಗೆ ಚುಚ್ಚಿದರೆ ಮಂಪರು ಕವಿದು, ಎದೆಬಡಿತ ಮತ್ತು ಉಸಿರಾಟ ನಿಧಾನವಾಗಬಹುದು. ಒಬ್ಬರನ್ನೇ ಬಿಡಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಔಷಧದ ಬಾಟಲಿಯನ್ನೋ ಅದರ ಚೀಟಿಯನ್ನೋ ವೈದ್ಯರಿಗೆ ತೋರಿಸಿ. ಪ್ರಾಣಿಗೆ ಕೊಡುವ ಪ್ರತ್ಯೌಷಧವನ್ನು ನೀವೇ ಚುಚ್ಚಬೇಡಿ.

ಮಗ ಅಥವಾ ಮಗಳು ಇಂಥ ತರಬೇತಿಗೆ ಹೊರಟಿದ್ದರೆ ‘ಮೂರನೇ ಡೋಸ್ ಆಯಿತಾ?’ ಎಂದು ಕೇಳಿ, ಕಾರ್ಡಿನಲ್ಲಿ ದಿನಾಂಕ ನೋಡಿಕೊಂಡೇ ಕಳುಹಿಸಿ.