ಸ್ಟೆಚಾಕ್ ಗೋರಿಗಲ್ಲುಗಳು: ತಪ್ಪು ಕಲ್ಪನೆ ಮತ್ತು ವಾಸ್ತವ

ಬೋಸ್ನಿಯಾ-ಹೆರ್ಜೆಗೊವಿನಾದ ಸ್ಟೊಲಾಟ್ಸ್ ಪಟ್ಟಣದ ಹತ್ತಿರ, ಹೆದ್ದಾರಿ ಪಕ್ಕದಲ್ಲೇ ರಾಡಿಮ್ಲ್ಯಾ ಎಂಬ ಹಳೆಯ ಸ್ಮಶಾನವಿದೆ. ಸುಣ್ಣಕಲ್ಲಿನಲ್ಲಿ ಕಡೆದ ನೂರಕ್ಕೂ ಹೆಚ್ಚು ಗೋರಿಗಲ್ಲುಗಳು ಅಲ್ಲಿವೆ. ಇವಕ್ಕೆ ಸ್ಟೆಚಾಕ್ ಎಂದು ಹೆಸರು. ಇವುಗಳ ಸುತ್ತ ಹಬ್ಬಿರುವ ಕೆಲವು ಮಾತುಗಳನ್ನು ಒರೆಗೆ ಹಚ್ಚಿ ನೋಡೋಣ.

ತಪ್ಪು ಕಲ್ಪನೆ: ಇವೆಲ್ಲ ಬೊಗೊಮಿಲ್ ಎಂಬ ಮಧ್ಯಯುಗದ ಭಿನ್ನಮತೀಯ ಕ್ರೈಸ್ತ ಪಂಥದವರ ಗೋರಿಗಳು.
ವಾಸ್ತವ: 19ನೇ ಶತಮಾನದಲ್ಲಿ ಆರ್ಥರ್ ಇವಾನ್ಸ್ ಅವರಂಥ ಬರಹಗಾರರಿಂದ ಪ್ರಚಾರ ಪಡೆದ ವಾದವಿದು. ಬೊಗೊಮಿಲರು ಶಿಲುಬೆಯನ್ನೇ ಒಪ್ಪದವರು. ಆದರೆ ಎಷ್ಟೋ ಸ್ಟೆಚಾಕ್‌ಗಳ ಮೇಲೆ ಶಿಲುಬೆಯೇ ಇದೆ. ಕ್ಯಾಥೊಲಿಕರು, ಆರ್ಥೊಡಾಕ್ಸ್ ಕ್ರೈಸ್ತರು, ಅಂದು ಅಲ್ಲಿದ್ದ ಪ್ರತ್ಯೇಕ ಬೋಸ್ನಿಯಾ ಚರ್ಚಿನವರು ಮೂವರೂ ಇಂಥ ಕಲ್ಲು ನಿಲ್ಲಿಸಿದರು. ರಾಡಿಮ್ಲ್ಯಾದಲ್ಲಿ ಮಣ್ಣಾದ ಮಿಲೊರಾಡೊವಿಚ್ ಮನೆತನದವರು ಆರ್ಥೊಡಾಕ್ಸ್ ಕ್ರೈಸ್ತರು.

ತಪ್ಪು ಕಲ್ಪನೆ: ಇವು ಬೋಸ್ನಿಯಾದಲ್ಲಿ ಮಾತ್ರ ಸಿಗುತ್ತವೆ.
ವಾಸ್ತವ: ಸುಮಾರು 70,000 ಕಲ್ಲುಗಳಲ್ಲಿ ಬಹುಪಾಲು ಅಲ್ಲಿರುವುದು ನಿಜ. ಉಳಿದವು ಕ್ರೊಯೇಷಿಯಾ, ಸರ್ಬಿಯಾ, ಮಾಂಟೆನೆಗ್ರೊಗಳಲ್ಲಿವೆ. 2016ರಲ್ಲಿ ಯುನೆಸ್ಕೊ ಈ ನಾಲ್ಕೂ ದೇಶಗಳ 28 ಸ್ಮಶಾನಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ತಪ್ಪು ಕಲ್ಪನೆ: ಪ್ರತಿ ಕಲ್ಲಿನಲ್ಲೂ ಗೂಢ ಸಂಕೇತವಿದೆ.
ವಾಸ್ತವ: ಹೆಚ್ಚಿನ ಕಲ್ಲುಗಳಲ್ಲಿ ಕೆತ್ತನೆಯೇ ಇಲ್ಲ. ಕೆತ್ತನೆ ಇರುವಲ್ಲಿ ಕಾಣುವುದು ಬಹುಮಟ್ಟಿಗೆ ಮಧ್ಯಯುಗದ ಬದುಕು: ಜಿಂಕೆ ಬೇಟೆ, ಕುದುರೆ ಸವಾರರು, ಕೈಕೈ ಹಿಡಿದ ಕೋಲೊ ಕುಣಿತ, ದ್ರಾಕ್ಷಿ ಬಳ್ಳಿ. ರಾಡಿಮ್ಲ್ಯಾದ ಹೆಸರಾಂತ ಕಲ್ಲಿನಲ್ಲಿ ನಡುಪಟ್ಟಿ ಬಿಗಿದ ಗಂಡಸೊಬ್ಬ ಬಲಗೈ ಎತ್ತಿ ನಿಂತಿದ್ದಾನೆ. ಆ ಅಂಗೈ ಮೈಯಳತೆಗೆ ಮೀರಿ ದೊಡ್ಡದು, ಬೆರಳುಗಳು ಅಗಲಕ್ಕೆ ಹರಡಿವೆ. ಅದು ಪ್ರಾರ್ಥನೆಯೋ, ಪ್ರಮಾಣವೋ, ವಂದನೆಯೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ತಪ್ಪು ಕಲ್ಪನೆ: ಕೆತ್ತಿದವರು ಯಾರೆಂಬುದಕ್ಕೆ ಗುರುತೇ ಇಲ್ಲ.
ವಾಸ್ತವ: ಸ್ಟೊಲಾಟ್ಸ್ ಬಳಿಯ ಬೊಲ್ಯೂನಿಯಲ್ಲಿ 15ನೇ ಶತಮಾನದ ಶಿಲ್ಪಿ ಗ್ರುಬಾಚ್‌ನ ಹೆಸರು ಕಲ್ಲಿನಲ್ಲೇ ಉಳಿದಿದೆ. ಬೋಸ್ನಿಯಾದ ಸಿರಿಲಿಕ್ ಲಿಪಿಯ ಇಂಥ ಶಾಸನಗಳಲ್ಲಿ ಸತ್ತವರ ಜೊತೆಗೆ ಕೆತ್ತಿದವರ, ಬರೆದವರ ಹೆಸರುಗಳೂ ಸಿಗುತ್ತವೆ.

ಈ ತಿದ್ದುಪಡಿ ಬರೀ ಪಂಡಿತರ ಚರ್ಚೆಯ ವಿಷಯವಲ್ಲ. ಆಸ್ಟ್ರಿಯಾ-ಹಂಗೆರಿ ಆಳ್ವಿಕೆಯಲ್ಲಿ ಹಾಕಿದ ರಸ್ತೆ ರಾಡಿಮ್ಲ್ಯಾದ ನಡುವೆಯೇ ಹಾಯ್ದು ಕಲ್ಲುಗಳನ್ನು ಬಲಿ ತೆಗೆದುಕೊಂಡಿತು; ಬೇರೆ ಕಡೆ ಎಷ್ಟೋ ಕಲ್ಲುಗಳು ಕಟ್ಟಡಗಳ ಪಾಲಾದವು. ಇವನ್ನು ಒಂದೇ ಪಂಥದ ಸೊತ್ತು ಎಂದುಬಿಟ್ಟರೆ ಇಂಥ ನಾಶ ತಡೆಯುವ ಹೊಣೆಯಿಂದ ಉಳಿದವರು ಕೈತೊಳೆದುಕೊಳ್ಳುತ್ತಾರೆ. ಮೂರು ಚರ್ಚುಗಳವರು ಒಂದೇ ರೀತಿಯಲ್ಲಿ ತಮ್ಮವರನ್ನು ನೆನೆದ ಗುರುತುಗಳಿವು, ಹಾಗಾಗಿ ಕಾಪಾಡುವ ಹೊಣೆಯೂ ಎಲ್ಲರದು.