ಪದಕ ಉಳಿಯುತ್ತದೆ, ದಮ್ಮು?

ಕಾಲೇಜಿನಲ್ಲಿ ಓಟದಲ್ಲೋ ಕಬಡ್ಡಿಯಲ್ಲೋ ಹೆಸರು ಮಾಡಿ, ಈಗ ಐವತ್ತು ದಾಟಿದವರು ನಿಮ್ಮ ಪರಿಚಯದಲ್ಲೂ ಇರಬಹುದು. ಅಂದು ಗಟ್ಟಿಮಾಡಿಕೊಂಡ ಮೈ ಇಂದಿಗೂ ತಮ್ಮನ್ನು ಕಾಯುತ್ತಿದೆ ಎಂಬುದು ಅವರಲ್ಲಿ ಹಲವರ ನಂಬಿಕೆ. ಈ ನಂಬಿಕೆ ಎಷ್ಟು ನಿಜ?

ಅಮೆರಿಕದ ವೈದ್ಯವಿಜ್ಞಾನಿ ರಾಲ್ಫ್ ಪ್ಯಾಫೆನ್‌ಬಾರ್ಗರ್ ಮತ್ತು ಸಂಗಡಿಗರು ಹಾರ್ವರ್ಡ್ ವಿಶ್ವವಿದ್ಯಾಲಯದ 16,936 ಹಳೆಯ ವಿದ್ಯಾರ್ಥಿಗಳ ಆರೋಗ್ಯವನ್ನು ಹಲವು ವರ್ಷ ಗಮನಿಸಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿಯೊಬ್ಬರೂ ಕಾಲೇಜಿನಲ್ಲಿ ಏನು ಆಡಿದ್ದರು, ಈಗ ಎಷ್ಟು ನಡೆಯುತ್ತಾರೆ, ಎಷ್ಟು ಮೆಟ್ಟಿಲು ಹತ್ತುತ್ತಾರೆ ಎಂಬ ವಿವರ ಅವರ ಬಳಿ ಇತ್ತು. ಇಂಥ ಚಟುವಟಿಕೆಗಳಲ್ಲಿ ವಾರಕ್ಕೆ 2,000 ಕಿಲೊಕ್ಯಾಲರಿಗಿಂತ ಕಡಿಮೆ ಶಕ್ತಿ ವ್ಯಯಿಸುವವರಿಗೆ ಹೃದಯಾಘಾತದ ಅಪಾಯ ಉಳಿದವರಿಗಿಂತ ಶೇ. 64ರಷ್ಟು ಹೆಚ್ಚಾಗಿತ್ತು. ಕಾಲೇಜಿನ ತಂಡದಲ್ಲಿ ಆಡಿದ್ದವರಿಗೂ ಇದರಿಂದ ವಿನಾಯಿತಿ ಸಿಗಲಿಲ್ಲ. ಆಟ ಬಿಟ್ಟು ಕುರ್ಚಿ ಹಿಡಿದ ಮಾಜಿ ಕ್ರೀಡಾಪಟುವಿನ ಅಪಾಯ ಹೆಚ್ಚೇ ಇತ್ತು; ವಿದ್ಯಾರ್ಥಿಯಾಗಿದ್ದಾಗ ಆಡದಿದ್ದರೂ ಆಮೇಲೆ ಚಟುವಟಿಕೆ ರೂಢಿಸಿಕೊಂಡವರ ಅಪಾಯ ಕಡಿಮೆಯಾಗಿತ್ತು.

ಏಕೆ ಹೀಗೆ? ದೇಹ ಬೇಡಿಕೆ ಇರುವಷ್ಟು ದಿನ ಮಾತ್ರ ಪೂರೈಸುತ್ತದೆ. ಪಳಗಿದ ಓಟಗಾರರ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಆದ್ದರಿಂದಲೇ ವಿಶ್ರಾಂತಿಯಲ್ಲಿ ನಿಮ್ಮ ನಾಡಿ ನಿಮಿಷಕ್ಕೆ 70 ಸಲ ಬಡಿದರೆ ಅವರದು 45 ಸಲ ಬಡಿದರೂ ಸಾಕು. ಅವರ ರಕ್ತದಲ್ಲಿ ಪ್ಲಾಸ್ಮಾ, ಸ್ನಾಯುಕೋಶಗಳಲ್ಲಿ ಮೈಟೊಕಾಂಡ್ರಿಯಗಳು ಹೆಚ್ಚಿರುತ್ತವೆ. ಅಭ್ಯಾಸ ನಿಂತಿತೋ, ಪ್ಲಾಸ್ಮಾ ಕೆಲವೇ ದಿನಗಳಲ್ಲಿ, ಮೈಟೊಕಾಂಡ್ರಿಯಗಳು ಕೆಲವು ವಾರಗಳಲ್ಲಿ ಇಳಿಯತೊಡಗುತ್ತವೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಕಾಲುಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಪರೀಕ್ಷಿಸಿದಾಗ, ಅಷ್ಟು ವಯಸ್ಸಾದದ್ದರಿಂದ ಆದ ಇಳಿಕೆ ಆ ಮೂರು ವಾರದ ಇಳಿಕೆಗಿಂತ ಕಡಿಮೆ ಇತ್ತು! ಇತ್ತ ಹೊಟ್ಟೆ ಮಾತ್ರ ಆಟದ ದಿನಗಳ ಊಟವನ್ನೇ ಕೇಳುತ್ತಿರುತ್ತದೆ. ಮಾಜಿ ಪೈಲ್ವಾನರ ಸೊಂಟದ ಸುತ್ತಳತೆಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಹಾಗಾದರೆ ಆಡಿದ್ದೆಲ್ಲ ವ್ಯರ್ಥವೇ? ಇಲ್ಲ. 1920ರಿಂದ 1965ರ ನಡುವೆ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಭಾಗವಹಿಸಿದ ಫಿನ್ಲೆಂಡಿನ 2,613 ಪುರುಷರ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ದೂರದ ಓಟ, ಸ್ಕೀಯಿಂಗ್‌ನಂಥ ದಮ್ಮಿನ ಕ್ರೀಡೆಗಳವರ ಸರಾಸರಿ ಆಯಸ್ಸು 75.6 ವರ್ಷ, ಬಲಪ್ರಧಾನ ಕ್ರೀಡೆಗಳವರದು 71.5, ಸಾಮಾನ್ಯರದು 69.9. ಆದರೆ ಈ ಕ್ರೀಡಾಪಟುಗಳಲ್ಲಿ ಹಲವರು ನಿವೃತ್ತಿಯ ನಂತರವೂ ವ್ಯಾಯಾಮ ಬಿಟ್ಟಿರಲಿಲ್ಲ, ಸಿಗರೇಟು ಸೇದುವವರೂ ಅವರಲ್ಲಿ ಕಡಿಮೆ. ಆಯಸ್ಸು ಹೆಚ್ಚಿಸಿದ್ದು ಹಳೆಯ ಪದಕಕ್ಕಿಂತ ಈ ರೂಢಿಗಳೇ ಇರಬೇಕು.

ದಮ್ಮು ಹೋದರೂ ಪೆಟ್ಟು ಉಳಿಯುತ್ತದೆ. ಕೀಲಿನ ಮೃದ್ವಸ್ಥಿಗೆ ರಕ್ತನಾಳಗಳಿಲ್ಲದ ಕಾರಣ ಅದು ಹರಿದರೆ ಸರಿಯಾಗಿ ಕೂಡುವುದಿಲ್ಲ. ಫಿನ್ಲೆಂಡಿನದೇ 117 ಮಾಜಿ ಆಟಗಾರರ ಮಂಡಿಗಳನ್ನು ಎಕ್ಸ್‌-ರೇ ತೆಗೆದು ನೋಡಿದಾಗ, ಗುರಿಕಾರರಲ್ಲಿ ಶೇ. 3, ಓಟಗಾರರಲ್ಲಿ ಶೇ. 14, ಫುಟ್‌ಬಾಲ್ ಆಟಗಾರರಲ್ಲಿ ಶೇ. 29, ಭಾರ ಎತ್ತುವವರಲ್ಲಿ ಶೇ. 31 ಮಂದಿಗೆ ಕೀಲು ಸವೆದಿತ್ತು. ಫುಟ್‌ಬಾಲಿನಲ್ಲಿ ಮಂಡಿಗೆ ಬಿದ್ದ ಪೆಟ್ಟು, ಭಾರ ಎತ್ತುವವರಲ್ಲಿ ಮೈತೂಕ ಇದಕ್ಕೆ ಮುಖ್ಯ ಕಾರಣಗಳು. ಆದ್ದರಿಂದ ಹಳೆಯ ಪೆಟ್ಟಿರುವ ಮಂಡಿಯವರು ಮತ್ತೆ ವ್ಯಾಯಾಮ ಶುರುಮಾಡುವಾಗ ಓಟಕ್ಕಿಂತ ನಡಿಗೆ, ಸೈಕಲ್ ಅಥವಾ ಈಜನ್ನು ಆರಿಸಿಕೊಳ್ಳುವುದು ಲೇಸು.

ತಲೆಯ ವಿಷಯ ಇನ್ನೂ ಗಂಭೀರ. ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರ ದಾಖಲೆಗಳನ್ನು ಗ್ಲಾಸ್ಗೋದ ಸಂಶೋಧಕರು ಪರಿಶೀಲಿಸಿ 2019ರಲ್ಲಿ ವರದಿ ಮಾಡಿದರು. ಹೃದ್ರೋಗದಿಂದ ಸತ್ತವರು ಸಾಮಾನ್ಯ ಜನರಿಗಿಂತ ಕಡಿಮೆ. ಮರೆಗುಳಿತನವೂ ಸೇರಿ ನರಕೋಶ ಕ್ಷಯಿಸುವ ರೋಗಗಳಿಂದ ಸತ್ತವರು ಸುಮಾರು ಮೂರೂವರೆ ಪಟ್ಟು. ಚೆಂಡನ್ನು ತಲೆಯಿಂದ ಹೊಡೆಯುವುದೇ ಕಾರಣವೆಂದು ಆ ಅಧ್ಯಯನ ಸಾಬೀತು ಮಾಡಲಿಲ್ಲ. ಆದರೂ 2020ರಲ್ಲಿ ಸ್ಕಾಟ್ಲೆಂಡ್, ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಫುಟ್‌ಬಾಲ್ ಸಂಸ್ಥೆಗಳು ಪ್ರಾಥಮಿಕ ಶಾಲೆಯ ಮಕ್ಕಳಿಗೆ ತರಬೇತಿಯಲ್ಲಿ ತಲೆಯಿಂದ ಚೆಂಡು ಹೊಡೆಸಬಾರದೆಂದು ಸೂಚಿಸಿದವು.