ಮನೆಯಲ್ಲೇ ಹೊಲಿಯುವ ಪರದೆ: ಉಳಿತಾಯವಿರುವುದು ಎಲ್ಲಿ?

ಹೊಸ ಮನೆ ಕಟ್ಟಿದವರು ಎಲ್ಲ ಖರ್ಚುಗಳ ಕೊನೆಯಲ್ಲಿ ಮಾಡುವ ಖರೀದಿ ಕಿಟಕಿ ಬಾಗಿಲುಗಳ ಪರದೆ. ಸಿಮೆಂಟು, ಕಬ್ಬಿಣ, ಮರಗೆಲಸ, ಬಣ್ಣ ಇವೆಲ್ಲಕ್ಕೂ ಹಣ ಸುರಿದು ಗೃಹಸ್ಥನ ಕೈ ಬರಿದಾಗಿರುವ ವೇಳೆಗೆ ಎಂಟೋ ಹತ್ತೋ ಕಿಟಕಿಗಳಿಗೆ ಪರದೆಯ ಅಂದಾಜು ವೆಚ್ಚ ಮುಂದೆ ಬರುತ್ತದೆ. ಆಗ ಮನೆಯ ಮೂಲೆಯಲ್ಲಿರುವ ಹೊಲಿಗೆ ಯಂತ್ರದ ನೆನಪಾಗುವುದು ಸಹಜ. ಬಟ್ಟೆಯನ್ನಷ್ಟೇ ಕೊಂಡು ಪರದೆಯನ್ನೂ ಅದರ ಮೇಲಿನ ಝಾಲರಿಯನ್ನೂ ಮನೆಯಲ್ಲೇ ಹೊಲಿದುಕೊಳ್ಳುವ ಈ ಗ್ರಾಹಕರನ್ನು ಅಲ್ಪ ಲಾಭದ ಗಿರಾಕಿಗಳೆಂದು ಅನೇಕ ವರ್ತಕರು ಉಪೇಕ್ಷಿಸುವುದುಂಟು. ಇತ್ತ ಗ್ರಾಹಕರು ತಮಗಾಗುವ ಉಳಿತಾಯವೆಲ್ಲ ದರ್ಜಿಯ ಕೂಲಿಯಲ್ಲಿದೆ ಎಂದು ನಂಬಿರುತ್ತಾರೆ. ಎರಡು ಅಭಿಪ್ರಾಯಗಳೂ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಬಟ್ಟೆಯ ಅಳತೆಯಲ್ಲಿ ಆಗುವ ತಪ್ಪು ಅನೇಕ ವೇಳೆ ಹೊಲಿಗೆಯ ಕೂಲಿಗೆ ಸಮನಾಗಿರುತ್ತದೆ. ಬೆಲೆ ಏರಿದಂತೆ ತೆರಿಗೆಯ ಭಾಗವು ಕೂಲಿಯನ್ನೇ ಮೀರುತ್ತದೆ.

ಅಳತೆಯ ಲೆಕ್ಕ

ಸಾಧಾರಣ ಗಾತ್ರದ ಒಂದು ಕಿಟಕಿಯನ್ನು ತೆಗೆದುಕೊಳ್ಳಬಹುದು. ಅಗಲ 48 ಇಂಚು, ಎತ್ತರ 60 ಇಂಚು. ಪರದೆಯ ಅಳತೆಯನ್ನು ಕಿಟಕಿಯ ಚೌಕಟ್ಟಿನಿಂದ ತೆಗೆಯುವುದು ಮೊದಲನೆಯ ತಪ್ಪು. ಅಳತೆಗೆ ಆಧಾರ ಪರದೆ ತೂಗುವ ಸರಳು. ಸರಳು ಎರಡೂ ಬದಿಗೆ 6 ಇಂಚಿನಂತೆ ಚಾಚಿದರೆ ಅದರ ಉದ್ದ 60 ಇಂಚು. ಚೌಕಟ್ಟಿನಿಂದ 6 ಇಂಚು ಮೇಲೆ ಸರಳು, ಕಿಟಕಿಯ ಕೆಳಗೆ 6 ಇಂಚು ಇಳಿಯುವ ಪರದೆ ಎಂದಾದರೆ ಸಿದ್ಧ ಪರದೆಯ ಉದ್ದ 72 ಇಂಚು. ಇದಕ್ಕೆ ಮೇಲ್ತುದಿಯ ಮಡಿಕೆಗೆ 4 ಇಂಚು, ಕೆಳ ಅಂಚಿನ ಇಮ್ಮಡಿ ಮಡಿಕೆಗೆ 8 ಇಂಚು ಸೇರಿ 84 ಇಂಚು. ಹತ್ತಿಯ ಬಟ್ಟೆ ಮೊದಲ ತೊಳೆತದಲ್ಲಿ ಶೇ. 3ರಿಂದ 5ರಷ್ಟು ಕುಗ್ಗಬಹುದಾದ್ದರಿಂದ ಇನ್ನೂ 3 ಇಂಚು. ಹೀಗೆ ಒಂದೊಂದು ತುಂಡಿನ ಉದ್ದ 87 ಇಂಚಾಗುತ್ತದೆ.

ಇನ್ನು ಅಗಲ. ನೆರಿಗೆಗಳು ತುಂಬಿ ಬೀಳಬೇಕಾದರೆ ಸರಳಿನ ಉದ್ದದ ಎರಡು ಪಟ್ಟು, ಅಂದರೆ 120 ಇಂಚು ಬಟ್ಟೆ ಬೇಕು. ಪರದೆಯ ಬಟ್ಟೆಯ ಪನ್ನ ಸಾಮಾನ್ಯವಾಗಿ 48 ಇಂಚು. ಎರಡು ಪನ್ನ ಸಾಲದು, ಎರಡೂವರೆಯನ್ನು ಕೊಳ್ಳಲಾಗದು; ಆದ್ದರಿಂದ ಮೂರು ಪನ್ನ. ಮೂರನೆಯದನ್ನು ಉದ್ದುದ್ದ ಸೀಳಿ ಎರಡೂ ಪರದೆಗಳಿಗೆ ಅರ್ಧರ್ಧ ಜೋಡಿಸಿದರೆ, ಪಕ್ಕದ ಮಡಿಕೆ ಹಾಗೂ ಜೋಡಣೆಗೆ 8 ಇಂಚು ಕಳೆದು 136 ಇಂಚು ಉಳಿಯುತ್ತದೆ. 87 ಇಂಚಿನ ಮೂರು ತುಂಡುಗಳೆಂದರೆ 261 ಇಂಚು, ಅಂದರೆ 6.63 ಮೀಟರು. ಅಂಗಡಿಯಲ್ಲಿ 6.70 ಮೀಟರು ಕತ್ತರಿಸಿದರೆ ಸಾಕು.

ಇಲ್ಲಿಯೇ ಹಳೆಯ ರೂಢಿಯೊಂದು ತೊಡಕುಂಟುಮಾಡುತ್ತದೆ. ಮನೆಯಲ್ಲಿ ಅಳೆಯುವುದು ಇಂಚಿನ ಟೇಪಿನಲ್ಲಿ, ಮನಸ್ಸಿನಲ್ಲಿರುವುದು ಗಜ, ಅಂಗಡಿಯಲ್ಲಿ ಕೊಡುವುದು ಮೀಟರು. 261 ಇಂಚನ್ನು 36ರಿಂದ ಭಾಗಿಸಿ ಏಳೂಕಾಲು ಎಂದು ಚೀಟಿಯಲ್ಲಿ ಬರೆದುಕೊಂಡು ಬಂದವರು ಏಳೂಕಾಲು ಮೀಟರನ್ನೇ ಕೇಳುತ್ತಾರೆ. ಅದರ ಮೇಲೆ ‘ಕಡಿಮೆ ಬೀಳದಿರಲಿ’ ಎಂದು ಇನ್ನೊಂದು ಮೀಟರು ಸೇರಿಸುತ್ತಾರೆ. ಮೀಟರಿಗೆ 300 ರೂ. ದರ ಹಿಡಿದರೆ ಒಂದೂವರೆ ಮೀಟರಿನಷ್ಟು ಅಧಿಕ ಬಟ್ಟೆಗೆ 465 ರೂ. ವ್ಯರ್ಥ. ಇದನ್ನು ಲಾಭವೆಂದು ಬಗೆಯುವ ವರ್ತಕನೂ ಇರಬಹುದು. ಆದರೆ ಹತ್ತು ಕಿಟಕಿಯ ಮನೆಯಲ್ಲಿ ಹದಿನೈದು ಮೀಟರು ಬಟ್ಟೆ ಉಳಿದಾಗ ಗ್ರಾಹಕನಿಗೆ ನೆನಪಾಗುವುದು ತನ್ನ ಭಾಗಾಕಾರವಲ್ಲ, ಅಂಗಡಿಯ ಹೆಸರು.

ಪನ್ನದ ಆಯ್ಕೆಯೂ ಅಷ್ಟೇ ಮುಖ್ಯ. ಅದೇ ಕಿಟಕಿಗೆ 54 ಇಂಚು ಪನ್ನದ ಬಟ್ಟೆ ದೊರೆತರೆ ಎರಡೇ ತುಂಡು ಸಾಕಾಗಬಹುದು. ಮಡಿಕೆ ಕಳೆದು 102 ಇಂಚು ಉಳಿಯುತ್ತದೆ. ನೆರಿಗೆ ಸರಳಿನ ಎರಡು ಪಟ್ಟಿಗೆ ಬದಲಾಗಿ 1.7 ಪಟ್ಟು. ತುಸು ಕಡಿಮೆಯಾದರೂ ದಪ್ಪ ಬಟ್ಟೆಗೆ ಇದು ಕುಂದಲ್ಲ. ಬೇಕಾಗುವ ಬಟ್ಟೆ 4.45 ಮೀಟರು ಮಾತ್ರ, ಜೋಡಣೆಯ ಹೊಲಿಗೆಯೂ ಇಲ್ಲ. ಅಂದರೆ 48 ಇಂಚಿನ 300 ರೂ. ಬಟ್ಟೆಗೂ 54 ಇಂಚಿನ 450 ರೂ. ಬಟ್ಟೆಗೂ ಕಿಟಕಿಯೊಂದರ ವೆಚ್ಚ ಹೆಚ್ಚು ಕಡಿಮೆ ಒಂದೇ. ಕರೂರು, ಪಾಣಿಪತ್ತುಗಳಿಂದ ಥಾನು ತರಿಸುವ ವರ್ತಕರು ಪ್ರತಿ ಥಾನಿನ ಚೀಟಿಯಲ್ಲಿ ಮೀಟರಿನ ದರದೊಡನೆ ಪನ್ನವನ್ನೂ ದಪ್ಪಕ್ಷರದಲ್ಲಿ ಬರೆಸಿದರೆ ಉತ್ತಮ ದರ್ಜೆಯ ಮಾಲು ತಾನಾಗಿಯೇ ಮಾರಾಟವಾಗುತ್ತದೆ.

ಹೂಬಳ್ಳಿಯ ಚಿತ್ತಾರವುಳ್ಳ ಬಟ್ಟೆಗೆ ಲೆಕ್ಕ ಬೇರೆ. ಚಿತ್ತಾರವು 24 ಇಂಚಿಗೊಮ್ಮೆ ಮರಳಿ ಬರುವುದಾದರೆ ತುಂಡುಗಳನ್ನು 24ರ ಗುಣಕದಲ್ಲಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಜೋಡಣೆಯಲ್ಲಿ ಅರ್ಧ ಹೂವು ಮೇಲೆ, ಅರ್ಧ ಕೆಳಗೆ. 87 ಇಂಚು 96 ಆಗುತ್ತದೆ, ಒಟ್ಟು 288 ಇಂಚು, ಅಂದರೆ 7.32 ಮೀಟರು. ಕೊನೆಯ ತುಂಡಿಗೆ 87 ಇಂಚು ಸಾಕೆಂದು ವಾದಿಸಬಹುದಾದರೂ ಥಾನಿನ ತುದಿ ಬಹುತೇಕ ಚಿತ್ತಾರದ ನಡುವೆಯೇ ಕತ್ತರಿಸಿರುವುದರಿಂದ ಪೂರ್ತಿ ಲೆಕ್ಕ ಹಿಡಿಯುವುದೇ ಕ್ಷೇಮ. ಸಾದಾ ಬಟ್ಟೆಗಿಂತ ಶೇ. 10ರಷ್ಟು ಹೆಚ್ಚು ಬೇಕಾಗುವ ಈ ಸಂಗತಿಯನ್ನು ಮೊದಲೇ ಹೇಳದಿದ್ದರೆ ಗ್ರಾಹಕರು ತಿಂಗಳ ನಂತರ ಮುಕ್ಕಾಲು ಮೀಟರಿಗಾಗಿ ಮರಳಿ ಬರುತ್ತಾರೆ. ಆ ವೇಳೆಗೆ ಆ ಥಾನು ಮುಗಿದಿರುತ್ತದೆ. ಹೊಸ ಥಾನಿನ ಬಣ್ಣದ ಛಾಯೆ ಹೊಂದುವುದಿಲ್ಲ.

ಝಾಲರಿ ಮತ್ತು ಹೊಲಿಗೆ

ಸರಳನ್ನೂ ಪರದೆಯ ಮೇಲ್ತುದಿಯನ್ನೂ ಮರೆಮಾಡುವ ಝಾಲರಿಯ ಇಳಿತ ಪರದೆಯ ಉದ್ದದ ಐದನೆಯ ಇಲ್ಲವೆ ಆರನೆಯ ಒಂದು ಭಾಗವಿದ್ದರೆ ಕಣ್ಣಿಗೆ ಹಿತ. ಮೇಲಿನ ಉದಾಹರಣೆಯಲ್ಲಿ ಅದು 12 ಇಂಚು. ಮಡಿಕೆಗಳು ಸೇರಿ 15 ಇಂಚಿನ ಪಟ್ಟಿ. ಝಾಲರಿಯ ಸರಳು ಪರದೆಯ ಸರಳಿಗಿಂತ ಹೊರಗಿದ್ದು ಎರಡೂ ತುದಿಗಳಲ್ಲಿ ಗೋಡೆಯವರೆಗೆ ತಿರುಗಬೇಕಾದ್ದರಿಂದ ಅದರ ಅಳತೆ 60 ಇಂಚಿನಲ್ಲಿ ನಿಲ್ಲದೆ ಸುಮಾರು 72 ಇಂಚಾಗುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಎರಡು ಪಟ್ಟು ನೆರಿಗೆಗೆ 144 ಇಂಚು. ಅಡ್ಡಲಾಗಿ ಕತ್ತರಿಸಿದರೆ ಮೂರು ಪಟ್ಟಿಗಳನ್ನು ಜೋಡಿಸಬೇಕು. ಬಟ್ಟೆ ಸಾದಾ ಇದ್ದು ಮೂರು ಕಿಟಕಿಗಳಿಗೆ ಒಟ್ಟಿಗೆ ಹೊಲಿಯುವುದಾದರೆ ಉದ್ದುದ್ದ ಮೂರು ಪಟ್ಟಿ ಸೀಳುವುದು ಮೇಲು, ಸುಮಾರು 3.70 ಮೀಟರಿನಲ್ಲಿ ಜೋಡಣೆಯಿಲ್ಲದ ಮೂರು ಝಾಲರಿಗಳು ದೊರೆಯುತ್ತವೆ. ಪಟ್ಟೆ ಇಲ್ಲವೆ ಬಳ್ಳಿಯ ಚಿತ್ತಾರವಿದ್ದರೆ ಹೀಗೆ ಮಾಡುವಂತಿಲ್ಲ, ಬಳ್ಳಿ ಮಲಗಿಬಿಡುತ್ತದೆ.

ಹೊಲಿಗೆಯ ವಿಚಾರದಲ್ಲಿ ಮನೆಯ ಯಂತ್ರಕ್ಕೆ ಅಸಾಧ್ಯವಾದುದೇನೂ ಇಲ್ಲ. ತೆಳುವಾದ ಬಟ್ಟೆಗೆ 11ನೆಯ ಸಂಖ್ಯೆಯ ಸೂಜಿ, ಸಾಧಾರಣಕ್ಕೆ 14, ದಪ್ಪಕ್ಕೆ 16. ಇಂಚಿಗೆ ಎಂಟರಿಂದ ಹತ್ತು ಹೊಲಿಗೆ. ಹತ್ತಿಯನ್ನು ಮೊದಲೇ ನೆನೆಸಿ ಒಣಗಿಸಿಕೊಳ್ಳುವವರು ಕುಗ್ಗುವಿಕೆಯ ಚಿಂತೆಯನ್ನು ಬಿಡಬಹುದು. ಲೋಹದ ಉಂಗುರಗಳನ್ನು, ಅಂದರೆ ಐಲೆಟ್‌ಗಳನ್ನು ಕೂರಿಸುವಾಗ ಪ್ರತಿ ಪರದೆಗೂ ಸಮಸಂಖ್ಯೆಯಿರಬೇಕು. ಆಗಲೇ ಎರಡೂ ಅಂಚುಗಳು ಗೋಡೆಯ ಕಡೆಗೆ ತಿರುಗುತ್ತವೆ. 68 ಇಂಚಿನ ಪರದೆಗೆ 12 ಉಂಗುರಗಳು ಸರಿಹೊಂದುತ್ತವೆ. ಭಾರವಾದ ಬಟ್ಟೆಯ ಕೆಳ ಅಂಚನ್ನು ಮಾತ್ರ ಆತುರದಲ್ಲಿ ಹೊಲಿಯಬಾರದು. ಮೇಲ್ಭಾಗ ಮುಗಿಸಿ ಎರಡು ಮೂರು ದಿನ ತೂಗುಬಿಟ್ಟು, ಬಟ್ಟೆ ತನ್ನ ಭಾರಕ್ಕೆ ಇಳಿದ ಮೇಲೆ ಅಂಚನ್ನು ಗುರುತಿಸಬೇಕು.

ಬೆಲೆ ಮತ್ತು ತೆರಿಗೆ

ಈಗ ಉಳಿತಾಯದ ಲೆಕ್ಕ. ಒಂದು ಪರದೆಗೆ 3.35 ಮೀಟರು ಬಟ್ಟೆ, ತಲಾ 8 ರೂ.ಗಳ 12 ಉಂಗುರಗಳಿಗೆ 96 ರೂ., ಹೊಲಿಗೆಗೆ 300 ರೂ. ಎಂದು ಉದಾಹರಣೆಗಾಗಿ ಹಿಡಿಯೋಣ. ಬಟ್ಟೆ ಮೀಟರಿಗೆ 300 ರೂ. ಇದ್ದರೆ ಸಿದ್ಧ ಪರದೆಯ ಬೆಲೆ 1,401 ರೂ., ಶೇ. 5ರ ಜಿಎಸ್‌ಟಿ ಸೇರಿ 1,471 ರೂ. ಅದನ್ನೇ ಮನೆಯಲ್ಲಿ ಹೊಲಿದರೆ ಬಟ್ಟೆಗೆ ಶೇ. 5, ಉಂಗುರಗಳಿಗೆ ಶೇ. 18 ತೆರಿಗೆ ಸೇರಿ 1,169 ರೂ. ಉಳಿತಾಯ 302 ರೂ., ಅಂದರೆ ಬರಿಯ ಹೊಲಿಗೆಯ ಕೂಲಿ.

ದರ ಏರಿದಾಗ ಚಿತ್ರ ಬದಲಾಗುತ್ತದೆ. ಪರದೆಯಂಥ ಸಿದ್ಧ ಜವಳಿ ವಸ್ತುಗಳಿಗೆ 2017ರ ಜುಲೈಯಿಂದ ನಗವೊಂದಕ್ಕೆ 1,000 ರೂ.ವರೆಗೆ ಶೇ. 5, ಅದಕ್ಕೆ ಮೇಲ್ಪಟ್ಟು ಶೇ. 12 ತೆರಿಗೆಯಿತ್ತು. 2025ರ ಸೆಪ್ಟೆಂಬರ್ 22ರಿಂದ ಈ ಗೆರೆ 2,500 ರೂ.ಗೆ ಏರಿತು, ಆದರೆ ಗೆರೆಯ ಆಚೆಗಿನ ದರ ಶೇ. 18 ಆಯಿತು. ಮೀಟರಿಗೆ 600 ರೂ. ಬಟ್ಟೆಯ ಪರದೆಗೆ 2,406 ರೂ. ಬೆಲೆ, ತೆರಿಗೆ ಸೇರಿ 2,526 ರೂ. ಮೀಟರಿಗೆ 650 ರೂ. ಬಟ್ಟೆಯಾದರೆ ಬೆಲೆ 2,573.50 ರೂ.; ತೆರಿಗೆ ಇಡೀ ಬೆಲೆಯ ಮೇಲೆ ಶೇ. 18ರಂತೆ ಬಿದ್ದು ಗ್ರಾಹಕ ತೆರುವುದು 3,037 ರೂ. ಬೆಲೆಯಲ್ಲಿ 167.50 ರೂ. ಹೆಚ್ಚಳಕ್ಕೆ ಬಿಲ್ಲಿನಲ್ಲಿ 510 ರೂ. ಹೆಚ್ಚಳ! ಅದೇ 650 ರೂ. ಬಟ್ಟೆಯನ್ನು ಕೊಂಡೊಯ್ದು ಮನೆಯಲ್ಲಿ ಹೊಲಿದರೆ ವೆಚ್ಚ 2,400 ರೂ. ಮಾತ್ರ, ಏಕೆಂದರೆ ಹತ್ತಿ ಹಾಗೂ ಕೃತಕ ನೂಲಿನ ನೇಯ್ದ ಬಟ್ಟೆಗೆ ಮೀಟರಿನ ದರವೆಷ್ಟಿದ್ದರೂ ತೆರಿಗೆ ಶೇ. 5. ಇಲ್ಲಿನ ಉಳಿತಾಯ 637 ರೂ.; ಅದರಲ್ಲಿ ಕೂಲಿ 300, ಉಳಿದ 337 ತೆರಿಗೆ. ಅಗ್ಗದ ಬಟ್ಟೆಯವರಿಗಿಂತ ದುಬಾರಿ ಬಟ್ಟೆ ಆರಿಸುವವರಿಗೇ ಮನೆಯ ಹೊಲಿಗೆ ಹೆಚ್ಚು ಲಾಭದಾಯಕ ಎಂಬುದು ಅನೇಕರಿಗೆ ಅಚ್ಚರಿಯೆನಿಸಬಹುದು.

ಇದನ್ನು ಕಂಡು, ತಾನೇ ಹೊಲಿಸಿಕೊಡುವ ಪರದೆಗೂ ಬಟ್ಟೆಗೊಂದು, ಹೊಲಿಗೆಗೊಂದು ಬಿಲ್ಲು ಹರಿದು ಶೇ. 18ನ್ನು ತಪ್ಪಿಸಬಹುದೆಂಬ ಯೋಚನೆ ವರ್ತಕರಿಗೆ ಬರದಿರದು. ಗ್ರಾಹಕರು ಬಟ್ಟೆಯನ್ನು ಒಯ್ದಿದ್ದರೆ ಅದು ಬಟ್ಟೆಯ ಮಾರಾಟ, ಅದರಲ್ಲಿ ಸಂಶಯವಿಲ್ಲ. ಆದರೆ ಅಳತೆ ತೆಗೆದುಕೊಂಡು, ಅಂಗಡಿಯದೇ ಬಟ್ಟೆಯಲ್ಲಿ ಹೊಲಿಸಿ, ಸಿದ್ಧ ಪರದೆಯನ್ನು ತೂಗುಹಾಕಿ ಬಂದ ಮೇಲೆ ಎರಡು ಬಿಲ್ಲುಗಳು ವಸ್ತುಸ್ಥಿತಿಯನ್ನು ಬದಲಿಸಲಾರವು. ಸಂಯುಕ್ತ ಪೂರೈಕೆ ಎಂಬ ಕಾನೂನಿನ ಪರಿಕಲ್ಪನೆ ಇಂಥ ಸಂದರ್ಭಕ್ಕಾಗಿಯೇ ಇದೆ. ವ್ಯತ್ಯಾಸದ ತೆರಿಗೆಯನ್ನು ಬಡ್ಡಿಸಹಿತ ಕೇಳುವ ನೋಟೀಸು ಬರುವ ಹೊತ್ತಿಗೆ ಗ್ರಾಹಕ ಕೈಗೆ ಸಿಗುವುದಿಲ್ಲ. ಬಟ್ಟೆಯ ದರವನ್ನು ಆರಿಸುವ ಹಂತದಲ್ಲೇ 2,500 ರೂ. ಗೆರೆಯನ್ನು ನೆನಪಿಸುವುದು, ಪ್ರತಿ ಪರದೆಯನ್ನೂ ಪ್ರತ್ಯೇಕ ನಗವಾಗಿ ಬಿಲ್ಲಿನಲ್ಲಿ ತೋರಿಸುವುದು, ರಿಯಾಯಿತಿಯಿದ್ದರೆ ಅದನ್ನು ಬಿಲ್ಲಿನಲ್ಲೇ ನಮೂದಿಸುವುದು ನೇರವಾದ ದಾರಿ. ವಾರ್ಷಿಕ ವಹಿವಾಟು ಒಂದೂವರೆ ಕೋಟಿಯೊಳಗಿದ್ದು ರಾಜಿ ತೆರಿಗೆಯ ಪದ್ಧತಿಯಲ್ಲಿರುವ ಸಣ್ಣ ಅಂಗಡಿಗಳಿಗೆ ಈ ಗೆರೆಯ ಬಾಧೆಯಿಲ್ಲ. ಅವರು ತೆರುವುದು ವಹಿವಾಟಿನ ಮೇಲೆ ಶೇ. 1. ಆದರೆ ಗ್ರಾಹಕರು ತಂದ ಬಟ್ಟೆಯನ್ನು ಹೊಲಿದುಕೊಡುವುದು ಸೇವೆಯಾಗುವುದರಿಂದ ಅದರ ಮೊತ್ತ ವಹಿವಾಟಿನ ಶೇ. 10 ಅಥವಾ 5 ಲಕ್ಷ ರೂ., ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರದಂತೆ ನೋಡಿಕೊಳ್ಳಬೇಕು.

ಮನೆಯಲ್ಲಿ ಹೊಲಿಯುವವರೆಲ್ಲ ತಮಗಾಗಿಯೇ ಹೊಲಿಯುವುದಿಲ್ಲ. ನಾಲ್ಕು ಮನೆಯ ಪರದೆ ಹೊಲಿದು ಕೈಪಳಗಿದ ಗೃಹಿಣಿಯರಿಗೆ ಅಂಗಡಿಯವರೇ ಬಟ್ಟೆ ಕೊಟ್ಟು ಹೊಲಿಸಿಕೊಳ್ಳುವ ವಾಡಿಕೆ ಬಹಳ ಕಡೆ ಇದೆ. ಆಕೆಯ ವಾರ್ಷಿಕ ಕೂಲಿ ಕರ್ನಾಟಕದಲ್ಲಿ 20 ಲಕ್ಷ ರೂ. ದಾಟದಿರುವವರೆಗೆ ನೋಂದಣಿಯ ಪ್ರಶ್ನೆಯಿಲ್ಲ. ಆದರೆ ನೋಂದಾಯಿತ ವರ್ತಕನ ಹೊಣೆ ಇದ್ದೇ ಇದೆ. ಬಟ್ಟೆ ಕಳುಹಿಸುವಾಗ ಚಲನ್ ಇರಬೇಕು, ಮಾಲು ಒಂದು ವರ್ಷದೊಳಗೆ ಮರಳಬೇಕು; ಮರಳದಿದ್ದರೆ ಕಳುಹಿಸಿದ ದಿನವೇ ಮಾರಿದಂತೆ ಲೆಕ್ಕ. ವಹಿವಾಟು 5 ಕೋಟಿಯೊಳಗಿನವರು ಐಟಿಸಿ-04 ವಿವರವನ್ನು ವರ್ಷಕ್ಕೊಮ್ಮೆ ಸಲ್ಲಿಸಬೇಕು.

ಚಲನ್‌ಗಿಂತ ಹೆಚ್ಚಿನ ಅಲಕ್ಷ್ಯಕ್ಕೆ ಗುರಿಯಾಗಿರುವುದು ಕೂಲಿಯ ಲೆಕ್ಕ. ಮೇಲಿನ ಕಿಟಕಿಯ ಎರಡು ಪರದೆಗಳಿಗೆ ಕತ್ತರಿಸುವುದು, ಜೋಡಿಸುವುದು, ಮಡಿಕೆ, ಉಂಗುರ, ಇಸ್ತ್ರಿ ಎಲ್ಲ ಸೇರಿ ಪಳಗಿದ ಕೈಗೂ ನಾಲ್ಕು ಗಂಟೆ ಹಿಡಿಯುತ್ತದೆ ಎಂದುಕೊಳ್ಳೋಣ. ಗ್ರಾಹಕನಿಂದ 600 ರೂ. ಪಡೆದ ಅಂಗಡಿ ಆಕೆಗೆ 240 ರೂ. ಕೊಟ್ಟರೆ ಗಂಟೆಗೆ 60 ರೂ. ಬಿತ್ತು. ದಾರ, ಸೂಜಿ, ವಿದ್ಯುತ್ತು, ಯಂತ್ರದ ಸವಕಳಿ ಇವೆಲ್ಲ ಅದರಿಂದಲೇ ಹೋಗಬೇಕು. ಪರದೆಯೊಂದಕ್ಕೆ ಇಂತಿಷ್ಟು ಎಂಬ ದರದಲ್ಲಿ ಜೋಡಣೆಯಿಲ್ಲದ ಒಂದು ಪನ್ನದ ಪರದೆಗೂ, ಹೂವಿಗೆ ಹೂವು ಹೊಂದಿಸಬೇಕಾದ ಒಂದೂವರೆ ಪನ್ನದ ಪರದೆಗೂ ಒಂದೇ ಕೂಲಿ. ಆಕೆ ಎರಡನೆಯದನ್ನು ಅವಸರದಲ್ಲಿ ಮುಗಿಸಿದರೆ ತಪ್ಪು ಯಾರದು? ಕೂಲಿಯನ್ನು ಪನ್ನದ ಮೇಲೆ ನಿಗದಿಪಡಿಸಿ, ಚಿತ್ತಾರ ಹೊಂದಿಸುವ ಪ್ರತಿ ಜೋಡಣೆಗೂ ಝಾಲರಿಗೂ ಪ್ರತ್ಯೇಕ ದರ ಕೊಟ್ಟು, ದಾರವನ್ನು ಅಂಗಡಿಯಿಂದಲೇ ಒದಗಿಸುವ ಪದ್ಧತಿ ಇದಕ್ಕಿಂತ ಎಷ್ಟೋ ಮೇಲು. ಆ ದರಪಟ್ಟಿಯ ಒಂದು ಪ್ರತಿ ಚಲನ್‌ನೊಡನೆ ಆಕೆಯ ಕೈಯಲ್ಲೂ ಇರಬೇಕು.